ಮುಂಭಾರ ಹಿಂಭಾರ

ಗದಗ ಸೀಮೆಯ ನಮ್ಮೂರು ನರೇಗಲ್ಲಿನಲ್ಲಿ ಹೊಸ ಕಾರಿನ ಪೂಜೆ ನೋಡುವುದೇ ಒಂದು ಸೊಗಸು. ಬಾನೆಟ್ಟಿಗೆ ಸ್ವಸ್ತಿಕ, ಸ್ಟೇರಿಂಗಿಗೆ ಕುಂಕುಮ, ಕನ್ನಡಿಗೆ ಹೂಮಾಲೆ, ಹಿಂದಿನ ಗಾಜಿಗೆ ಗೇಣುದ್ದದ ಅಕ್ಷರಗಳಲ್ಲಿ ಮನೆದೇವರ ಹೆಸರು. ಟೈರಿನ ಪಾಲಿಗೆ ಬರುವುದು ಮಾತ್ರ ಒಂದು ಲಿಂಬೆಹಣ್ಣು. ಅದೂ ತುಳಿಯಲಿಕ್ಕೆ. ಲಿಂಬೆಹಣ್ಣು ಪಚಕ್ಕೆಂದ ಮೇಲೆ ಯಜಮಾನರು ಟೈರಿನ ಮುಖವನ್ನು ಮತ್ತೆ ನೋಡುವುದು ಪಂಚರ್ ಆದ ದಿನವೇ.

ಆಮೇಲೆ ಬಸ್‌ಸ್ಟ್ಯಾಂಡ್ ಬಳಿಯ ಚಹಾದಂಗಡಿಯಲ್ಲಿ ಕಾರಿನ ಪರೀಕ್ಷೆ. ಗಿರ್ಮಿಟ್ ತಿನ್ನುತ್ತ ಕೂತವರೆಲ್ಲ ಪರೀಕ್ಷಕರು. "ಎಷ್ಟ್ ಕೊಡತೈತಿ?" ಎಂಬುದು ಮೊದಲ ಪ್ರಶ್ನೆ. ಮೈಲೇಜು. "ಎಸಿ ತಣ್ಣಗ ಹೊಡಿತೈತೇನು?" ಎರಡನೆಯದು. "ಟೇಪ್ ಎಷ್ಟ್ ಇಂಚಿಂದು?" ಮೂರನೆಯದು. ಈಗಿನ ಕಾರಿನ ಟೇಪಿನಲ್ಲಿ ಟೇಪೇ ಇಲ್ಲ, ಟಿವಿಯಂಥ ಪರದೆ ಇದೆ. ಆದರೂ ನಮ್ಮ ಬಾಯಲ್ಲಿ ಅದು ಟೇಪೇ. "ಸನ್‌ರೂಫ್ ಐತೋ ಇಲ್ಲೋ?" ಎಂದು ಕೇಳುವವರೂ ಇದ್ದಾರೆ. ನಮ್ಮೂರ ಏಪ್ರಿಲ್ ಬಿಸಿಲಿಗೆ ನೆತ್ತಿಯ ಮೇಲೊಂದು ಬೆಳಕಿಂಡಿ ತೆರೆದು ಕೂಡ್ರುವ ಗಂಡೆದೆ ಯಾರಿಗಿದೆಯೋ ಗೊತ್ತಿಲ್ಲ. ಇಷ್ಟೆಲ್ಲ ಕೇಳಿದವರು "ಟೈರ್ ಹೆಂಗ ಹಿಡಿತಾವ?" ಎಂದು ಕೇಳಿದ್ದನ್ನು ಮಾತ್ರ ನಾನು ಕೇಳಿಲ್ಲ.

ಒಂದು ಸಣ್ಣ ಲೆಕ್ಕ ಮಾಡೋಣ, ಚಹಾ ಆರುವುದರೊಳಗೆ ಮುಗಿಯುತ್ತದೆ. ಇಬ್ಬರು ಕೂತ ಸಣ್ಣ ಕಾರಿನ ತೂಕ ಸುಮಾರು 1000 ಕೆಜಿ, ಅಂದರೆ 2200 ಪೌಂಡು. ಟೈರಿನಲ್ಲಿ 30 ಪಿಎಸ್‌ಐ ಗಾಳಿ, ಅಂದರೆ ಚದರ ಇಂಚಿಗೆ 30 ಪೌಂಡು ಒತ್ತಡ. ಭಾಗಿಸಿದರೆ 73 ಚದರ ಇಂಚು. ನಾಲ್ಕು ಗಾಲಿಗೆ ಹಂಚಿದರೆ ತಲಾ 18. ಅದು ಒಂದು ಅಂಗೈ. ನೀವು ಸಾಲ ಮಾಡಿ ತಂದ ಕಾರು, ಅದರ ಎಂಜಿನ್ನು, ಬ್ರೇಕು, ಹಿಂದೆ ಕೂತ ಬೀಗರು, ಅವರ ಮಡಿಲಲ್ಲಿರುವ ಬುತ್ತಿ, ಎಲ್ಲ ಸೇರಿ ನೆಲ ಮುಟ್ಟುವುದು ನಾಲ್ಕು ಅಂಗೈಯಷ್ಟು ರಬ್ಬರಿನಲ್ಲಿ. ಎಂಜಿನ್ನಿಗೆ ಎಷ್ಟೇ ತಾಕತ್ತಿರಲಿ, ಬ್ರೇಕು ಎಷ್ಟೇ ಹಲ್ಲು ಕಚ್ಚಲಿ, ಈ ನಾಲ್ಕು ಅಂಗೈ ಒಪ್ಪದೆ ಕಾರು ಹೋಗುವುದೂ ಇಲ್ಲ, ನಿಲ್ಲುವುದೂ ಇಲ್ಲ.

ನಾಲ್ಕೂ ಗಾಲಿಗೆ ಕೆಲಸ ಸಮನಾಗಿದೆ ಎಂದುಕೊಂಡರೆ ಅದೂ ಸುಳ್ಳು. ಅಂಬಾಸಡರ್, ಫಿಯಾಟ್ ಕಾಲದಲ್ಲಿ ಎಂಜಿನ್ ಮುಂದಿದ್ದರೂ ತಳ್ಳುವುದು ಹಿಂದಿನ ಗಾಲಿಗಳ ಕೆಲಸವಾಗಿತ್ತು. ನಡುವೆ ಉದ್ದನೆಯ ಶಾಫ್ಟು, ಅದಕ್ಕಾಗಿ ಒಳಗೆ ಕಾಲಿಡುವಲ್ಲಿ ಒಂದು ದಿಬ್ಬ. 1983ರ ಡಿಸೆಂಬರಿನಲ್ಲಿ ಮಾರುತಿ 800 ಬಂತು. ಎಂಜಿನ್ನನ್ನು ಅಡ್ಡಡ್ಡ ಮಲಗಿಸಿ ಗೇರ್‌ಬಾಕ್ಸನ್ನು ಅದರ ಮಗ್ಗುಲಿಗಿಟ್ಟು, ಮುಂದಿನ ಗಾಲಿಗಳಿಂದಲೇ ಎಳೆಸುವ ಪದ್ಧತಿ ನಮ್ಮ ಬೀದಿಗಳಿಗೆ ಇಳಿಯಿತು. ಎಂಜಿನ್ ಅಡ್ಡ ಇಟ್ಟು ಜಾಗ ಉಳಿಸುವ ಈ ಉಪಾಯವನ್ನು ಲೋಕಪ್ರಸಿದ್ಧ ಮಾಡಿದ್ದು 1959ರಲ್ಲಿ ಬಂದ ಬ್ರಿಟನ್ನಿನ ಮಿನಿ ಕಾರು, ಅದನ್ನು ರೂಪಿಸಿದವರು ಅಲೆಕ್ ಇಸಿಗೋನಿಸ್. ಈಗ ಕೆಎ 26ರ ನಂಬರಿನಲ್ಲಿ ಗದಗ ರಸ್ತೆ ಮೇಲೆ ಓಡುವ ಸ್ವಿಫ್ಟು, ಆಲ್ಟೊ, ಐ20, ಟಿಯಾಗೊ ಎಲ್ಲ ಅದೇ ಒಕ್ಕಲು. ಬೊಲೆರೊ, ಟಾಟಾ ಏಸ್‌ಗಳು ಇನ್ನೂ ಹಿಂದಿನಿಂದ ತಳ್ಳುವ ಹಳೆಯ ಸಂಪ್ರದಾಯದವು.

ಇದನ್ನೆಲ್ಲ ನಾನು ಕಟ್ಟೆಯ ಮೇಲೆ ಕೂತು ವಿಸ್ತಾರವಾಗಿ ಹೇಳುತ್ತಿದ್ದರೆ, ಪಕ್ಕದಲ್ಲಿ ಎಲೆಗೆ ಸುಣ್ಣ ಸವರುತ್ತಿದ್ದ ಕಾಕಾ ತಲೆ ಎತ್ತಲಿಲ್ಲ. "ಇಷ್ಟ ಹೇಳಾಕ ನೀ ಇಂಗ್ಲೆಂಡಿಗೆ ಯಾಕ ಹೋದ್ಯೋ ತಮ್ಮಾ? ಚಕ್ಕಡಿ ಕಂಡಿಲ್ಲೇನು? ಎತ್ತು ಎಲ್ಲಿರತಾವ? ಮುಂದ. ಎಳಿಯೂದು ಅವ, ಹೊಳ್ಳೂದು ಅವ, ಇಳುಕಲಾಗ ತಡಿಯೂದೂ ಅವ. ಹಿಂದಿನ ಗಾಲಿ ಬರೇ ಹೇರು ಹೊತ್ತು ಬರತಾವ."

ಒಪ್ಪದೆ ವಿಧಿಯಿಲ್ಲ. ಮುಂದಿನ ಗಾಲಿ ಎಳೆಯುವ ಕಾರಿನಲ್ಲಿ ಆ ಎರಡು ಗಾಲಿಗಳೇ ಜೋಡೆತ್ತು. ಚಕ್ಕಡಿ ಹೇರುವ ಪ್ರತಿಯೊಬ್ಬನಿಗೂ ಮುಂಭಾರ, ಹಿಂಭಾರ ಗೊತ್ತು. ಜೋಳದ ಚೀಲವನ್ನು ತೀರ ಮುಂದೆ ಹೇರಿದರೆ ನೊಗ ಎತ್ತಿನ ಹೆಗಲು ಮುರಿಯುತ್ತದೆ. ತೀರ ಹಿಂದೆ ಹೇರಿದರೆ ನೊಗ ಕಟ್ಟಿದ ಮೂಕಿ ಮೇಲೆದ್ದು ಎತ್ತಿನ ಕೊರಳು ಬಿಗಿಯುತ್ತದೆ, ಕಾಲಿಗೆ ನೆಲ ಸಿಗುವುದಿಲ್ಲ. ನಾಲ್ಕನೆಯ ಇಯತ್ತೆ ದಾಟದವನೂ ಚೀಲವನ್ನು ಒಂದು ಮೊಳ ಹಿಂದೆ, ಅರ್ಧ ಮೊಳ ಮುಂದೆ ಸರಿಸಿ ಹದ ಹಿಡಿಯುತ್ತಾನೆ. ಅವನ ಮಗ ಡಿಪ್ಲೊಮಾ ಮುಗಿಸಿ ಕಾರು ತಂದವನು, ಡಿಕ್ಕಿಯಲ್ಲಿ ನಾಲ್ಕು ಚೀಲ ಉಳ್ಳಾಗಡ್ಡಿ ತುಂಬಿ, ಸ್ಟೇರಿಂಗ್ ಯಾಕೋ ಹಗುರಾಗೇತಿ, ಪವರ್ ಸ್ಟೇರಿಂಗ್ ಚಲೋ ಐತಿ ಎಂದು ಸಂತೋಷಪಡುತ್ತಾನೆ!

ಚಕ್ಕಡಿಗೂ ಕಾರಿಗೂ ಒಂದು ದೊಡ್ಡ ವ್ಯತ್ಯಾಸವೂ ಇದೆ. ಚಕ್ಕಡಿಯ ಭಾರವನ್ನು ಕೈಯಿಂದ ಸರಿಸಬೇಕು. ಕಾರಿನ ಭಾರ ಕಾಲಿನ ಮಾತು ಕೇಳುತ್ತದೆ. ಚೀಲ ಇದ್ದಲ್ಲೇ ಇರುತ್ತದೆ, ಯಾವ ಗಾಲಿ ಎಷ್ಟು ಹೊರಬೇಕೆಂಬುದು ಮಾತ್ರ ಕ್ಷಣಕ್ಷಣಕ್ಕೂ ಬದಲಾಗುತ್ತದೆ. ಅಂದಾಜು ಲೆಕ್ಕ ಹೀಗಿದೆ: ನಮ್ಮ 1000 ಕೆಜಿಯ ಕಾರು ನಿಂತಾಗ ಎಂಜಿನ್ನಿನ ದೆಸೆಯಿಂದ ಮುಂದೆ 620, ಹಿಂದೆ 380 ಕೆಜಿ ಎನ್ನೋಣ. ಮುಂದಿನ ಹಿಂದಿನ ಗಾಲಿಗಳ ನಡುವಿನ ಅಂತರ ಎರಡೂವರೆ ಮೀಟರಿಗೆ ತುಸು ಕಡಿಮೆ. ಕಾರಿನ ಭಾರಕೇಂದ್ರ ನೆಲದಿಂದ ಅರ್ಧ ಮೀಟರಿಗೆ ತುಸು ಮೇಲೆ. ಜಕ್ಕಲಿ ಕಡೆಯಿಂದ ಬರುವಾಗ ಅಡ್ಡ ಬಂದ ಎಮ್ಮೆಗೆ ಹೆದರಿ ಜೋರಾಗಿ ಬ್ರೇಕ್ ಒತ್ತಿದರೆ, ಹಿಂದಿನಿಂದ ಮುಂದಕ್ಕೆ ಸುಮಾರು 135 ಕೆಜಿ ಭಾರ ಹಾರುತ್ತದೆ. ಮುಂದೆ 755, ಹಿಂದೆ ಬರೀ 245. ಅಂದರೆ ನಿಲ್ಲಿಸುವ ಕೆಲಸದ ಮುಕ್ಕಾಲು ಪಾಲು ಮುಂದಿನ ಎರಡು ಅಂಗೈಯದು. ಮೂತಿ ಬಗ್ಗುತ್ತದೆ, ಹಿಂದೆ ಕೂತ ಬೀಗರ ಹಣೆ ಮುಂದಿನ ಸೀಟಿಗೆ ನಮಸ್ಕಾರ ಮಾಡುತ್ತದೆ. ಎಕ್ಸಲೇಟರ್ ತುಳಿದರೆ ಇದೇ ವ್ಯವಹಾರ ತಿರುವುಮುರುವು. ಮೂತಿ ಮೇಲೇಳುತ್ತದೆ, ಎಳೆಯಬೇಕಾದ ಹೊತ್ತಿಗೇ ಎಳೆಯುವ ಗಾಲಿಯ ಮೇಲಿನ ಭಾರ ಇಳಿಯುತ್ತದೆ. ಅದಕ್ಕೇ ಹುಡುಗರು ಚಹಾದಂಗಡಿ ಮುಂದೆ ಗೇರ್ ಹಾಕಿ ಕಿರ್ರೆನ್ನಿಸುತ್ತಾರಲ್ಲ, ಅದು ಎಂಜಿನ್ನಿನ ಪರಾಕ್ರಮವಲ್ಲ, ಟೈರಿನ ಆರ್ತನಾದ.

ಇದರ ನಿಜವಾದ ನಾಟಕ ನೋಡಬೇಕಾದರೆ ಮಳೆಗಾಲದಲ್ಲಿ ಬರಬೇಕು. ನಮ್ಮದು ಎರೆಭೂಮಿ. ಬೇಸಿಗೆಯಲ್ಲಿ ಕೈ ಹೋಗುವಷ್ಟು ಬಿರುಕು ಬಿಡುವ ಅದೇ ಮಣ್ಣು ಎರಡು ಹದಮಳೆ ಆದರೆ ಚಪ್ಪಲಿಯನ್ನೇ ವಾಪಸು ಕೊಡುವುದಿಲ್ಲ. ಹೊಲದ ಮನೆಯ ಕಾರ್ಯಕ್ಕೆ ಬಂದ ಕಾರೊಂದು ದಾರಿ ಬಿಟ್ಟು ಒಂದು ಮಾರು ಆಚೆ ಇಳಿಯಿತೆನ್ನಿ, ಮುಗಿಯಿತು. ಟೈರಿನ ಕಚ್ಚುಗಳಲ್ಲಿ ಮಣ್ಣು ಮೆತ್ತಿ ಗಾಲಿ ಹೊಸ ಗಡಿಗೆಯಂತೆ ನುಣ್ಣಗೆ ಹೊಳೆಯುತ್ತದೆ. ಡ್ರೈವರು ಎಕ್ಸಲೇಟರ್ ತುಳಿಯುತ್ತಾನೆ. ಒಂದು ಗಾಲಿ ಗರಗರ ತಿರುಗಿ ಊಟಕ್ಕೆ ಬಂದವರ ಬಿಳಿ ಧೋತರಕ್ಕೆಲ್ಲ ಚಿತ್ತಾರ ಬಿಡಿಸುತ್ತದೆ, ಇನ್ನೊಂದು ಗಾಲಿ ನಿಂತು ನೋಡುತ್ತದೆ. ಯಾವ ಗಾಲಿಗೆ ಹಿಡಿತ ಕಡಿಮೆಯೋ ಅದರ ತಾಳಕ್ಕೇ ಕುಣಿಯುವುದು, ಎರಡೂ ಗಾಲಿಗೆ ಎಂಜಿನ್ನಿನ ಬಲ ಹಂಚುವ ಡಿಫರೆನ್ಷಿಯಲ್ಲಿನ ಜಾಯಮಾನ.

ಆಗ ಸುರುವಾಗುತ್ತದೆ ಸಲಹೆಯ ಸುಗ್ಗಿ. ಅಂಬಾಸಡರ್ ಕಾಲದ ಹಿರಿಯರೊಬ್ಬರು ಪಂಚೆ ಎತ್ತಿ ಕಟ್ಟಿ ಆಜ್ಞೆ ಮಾಡುತ್ತಾರೆ, "ಲೇ, ನಾಕ್ ಮಂದಿ ಡಿಕ್ಕಿ ಮ್ಯಾಲ ಕುಂದರ್ರಿ. ಭಾರ ಬಿದ್ರ ಗಾಲಿ ಹಿಡಿತೈತಿ!" ಮಾತು ಖರೆ, ಕಾರು ತಪ್ಪು. ಅಂಬಾಸಡರಿಗೆ ಅದು ರಾಮಬಾಣ, ತಳ್ಳುವ ಗಾಲಿ ಡಿಕ್ಕಿಯ ಕೆಳಗೇ ಇತ್ತು. ಸ್ವಿಫ್ಟಿನ ಡಿಕ್ಕಿ ಮೇಲೆ ನಾಲ್ಕು ಗಟ್ಟಿ ಆಳು ಒರಗಿದರೆ ಹಿಂದಿನ ಗಾಲಿ ಇನ್ನಷ್ಟು ಹೂತು, ಮುಂದಿನ ಗಾಲಿ ಇನ್ನಷ್ಟು ಹಗುರಾಗಿ, ಚಿತ್ತಾರದ ಕೆಲಸ ಚುರುಕಾಗುತ್ತದೆ. ಹಿಂದಿನ ಗಾಲಿಗಿಂತ 30 ಸೆಂಟಿಮೀಟರ್ ಆಚೆಗೆ 100 ಕೆಜಿ ಇಟ್ಟರೆ ಹಿಂದೆ ಬೀಳುವುದು 100 ಅಲ್ಲ, 112. ಮಿಕ್ಕ 12 ಕೆಜಿ ಮುಂದಿನ ಗಾಲಿಯ ಖಾತೆಯಿಂದ ಕಡಿತ. ಮೂಕಿ ಮೇಲೆದ್ದಂತೆಯೇ. ಇಲ್ಲಿ ಮಾಡಬೇಕಾದದ್ದು ಎಕ್ಸಲೇಟರ್ ಬಿಟ್ಟು ಕೆಳಗಿಳಿದು, ಮುಂದಿನ ಗಾಲಿಯ ಕಚ್ಚುಗಳಲ್ಲಿನ ಮಣ್ಣು ಕೆರೆದು, ಅದರಡಿಗೆ ಹರಕು ಗೋಣಿಯನ್ನೋ ತೊಗರಿಕಟ್ಟಿಗೆಯನ್ನೋ ಕೊಟ್ಟು, ಎರಡನೇ ಗೇರಿನಲ್ಲಿ ಮೆತ್ತಗೆ ಎಬ್ಬಿಸುವುದು. ಇದನ್ನು ಹೇಳಿದರೆ, "ನೀ ಕಾರ್ ಯಾವಾಗ ತಗೊಂಡಿ?" ಎಂಬ ಪ್ರಶ್ನೆ ಬರುತ್ತದೆ. ಅದಕ್ಕೆ ಯಾವ ಭೌತಶಾಸ್ತ್ರದಲ್ಲೂ ಉತ್ತರವಿಲ್ಲ. ಕೊನೆಗೆ ಟ್ರ್ಯಾಕ್ಟರ್ ಬರುತ್ತದೆ. ನಮ್ಮಲ್ಲಿ ಎಲ್ಲ ವಾದಗಳಿಗೂ ಕೊನೆಗೆ ಟ್ರ್ಯಾಕ್ಟರೇ ತೀರ್ಪು.

ಗುಡ್ಡದ ಕಡೆ ಹೋದರೆ ಇನ್ನೊಂದು ಮೋಜು. ಗಜೇಂದ್ರಗಡದ ಗುಡ್ಡದ ಮೇಲೆ ಗಾಳಿಯಂತ್ರಗಳು ತಿರುಗುವುದನ್ನು ಮಕ್ಕಳಿಗೆ ತೋರಿಸಲು ಐದು ಮಂದಿ, ಎರಡು ಬುತ್ತಿಗಂಟು, ಒಂದು ಕೊಡ ನೀರು ಹೇರಿಕೊಂಡು ಹೊರಟವರ ಗಾಡಿ ಜಲ್ಲಿಕಲ್ಲಿನ ಕಚ್ಚಾ ಏರಿನಲ್ಲಿ ಕಾಲು ಕೆರೆಯತೊಡಗುತ್ತದೆ. ಕಾರಣ ಸರಳ. ಎಂಟಕ್ಕೊಂದು ಏರಿದ್ದರೆ ನಮ್ಮ ಲೆಕ್ಕದ ಕಾರಿನಲ್ಲಿ ಮುಂದಿನಿಂದ ಸುಮಾರು 28 ಕೆಜಿ ಹಿಂದಕ್ಕೆ ಜಾರುತ್ತದೆ. ಹಿಂದೆ ಮೂವರು ಕೂತದ್ದು ಬೇರೆ. ಇದೇ ಕಾರನ್ನು ತಿರುಗಿಸಿ ರಿವರ್ಸಿನಲ್ಲಿ ಹತ್ತಿಸಿದರೆ ಎಳೆಯುವ ಗಾಲಿಗಳು ಇಳುಕಲಿನ ಕಡೆಗೆ ಬರುತ್ತವೆ, ಹೋದ 28 ಕೆಜಿ ಬಡ್ಡಿ ಸಮೇತ ವಾಪಸು. ಮುಂದುಮುಂದಾಗಿ ಹತ್ತದ ಏರನ್ನು ಹಿಂದುಹಿಂದಾಗಿ ಹತ್ತಬಹುದು. ಆದರೆ ಬೀಗರ ಕಣ್ಣೆದುರು ಕಾರನ್ನು ಹಿಂದಕ್ಕೆ ಓಡಿಸುತ್ತ ಗುಡ್ಡ ಏರುವ ಧೈರ್ಯ ಎಷ್ಟು ಅಳಿಯಂದಿರಿಗಿದೆ? ಅದಕ್ಕಿಂತ ಎಲ್ಲರನ್ನೂ ಇಳಿಸಿ ನಡೆಸಿಕೊಂಡು ಹೋಗುವುದೇ ಮೇಲು. "ಹವಾ ಚಲೋ ಐತ್ರಿ ಮಾವಾರ, ಸ್ವಲ್ಪ ಅಡ್ಡಾಡೂಣು" ಎಂದರೆ ಮರ್ಯಾದೆಯೂ ಉಳಿಯುತ್ತದೆ.

ಇನ್ನು ಸುಗ್ಗಿಯ ಕಾಲ. ನಮ್ಮ ಸೀಮೆಯ ರಸ್ತೆಗಳಿಗೆ ಆಗ ಇನ್ನೊಂದು ಉದ್ಯೋಗ, ಕಣದ ಕೆಲಸ. ಹುರುಳಿಯನ್ನೋ ಹೆಸರನ್ನೋ ಡಾಂಬರಿನ ಮೇಲೆ ಹರವಿ ಆಚೆ ಗಿಡದ ನೆರಳಲ್ಲಿ ಕೂತರೆ, ಹೋಗಿಬರುವ ವಾಹನಗಳೇ ಪುಕ್ಕಟೆ ರಾಶಿ ಮಾಡಿಕೊಡುತ್ತವೆ. ಪೊಲೀಸರು ಬೇಡವೆನ್ನುತ್ತಾರೆ, ಹೊಟ್ಟೆ ಬೇಕೆನ್ನುತ್ತದೆ. ಒಣಗಿದ ಬಳ್ಳಿ ಗಾಲಿಗೆ ಸುತ್ತಿ, ಬಿಸಿ ಸೈಲೆನ್ಸರಿಗೆ ತಾಗಿ ಹೊತ್ತಿಕೊಳ್ಳುವ ಅಪಾಯ ಒಂದಾದರೆ, ಹಿಡಿತದ ಮಾತು ಇನ್ನೊಂದು. ಡಾಂಬರಿನ ಮೇಲೆ ಗಟ್ಟಿಯಾಗಿ ಕಚ್ಚುವ ಟೈರು ಆ ಒಣಬಳ್ಳಿಯ ಮೇಲೆ, ಕೆಳಗೆ ಉರುಳುವ ಕಾಳಿನ ಮೇಲೆ, ಏನನ್ನು ಕಚ್ಚೀತು? ಬಳ್ಳಿ ಹಾಸಿದ್ದು ತಿರುವಿನಲ್ಲಿದ್ದು, ನೀವು ಗಾಬರಿಯಾಗಿ ಬ್ರೇಕನ್ನೂ ಒತ್ತಿ ಸ್ಟೇರಿಂಗನ್ನೂ ತಿರುವಿದಿರೋ, ಕಾರು ನಿಮ್ಮ ಮಾತು ಬಿಟ್ಟು ನೆಟ್ಟಗೆ ಕಡಲೆ ಹೊಲಕ್ಕೆ ಹೊರಡುತ್ತದೆ.

ಯಾಕೆಂದರೆ ಒಂದು ಟೈರಿನ ಹಿಡಿತ ಒಟ್ಟು ಇಷ್ಟೇ ಎಂದು ನಿಗದಿ. ಅದರಲ್ಲಿ ನೂರಕ್ಕೆ 80ನ್ನು ಬ್ರೇಕಿಗೆ ಖರ್ಚು ಮಾಡಿದರೆ ತಿರುವಿಗೆ ಉಳಿಯುವುದು 60. ಎಂಬತ್ತೂ ಅರವತ್ತೂ ಕೂಡಿದರೆ ನೂರನಲವತ್ತಲ್ಲವೇ ಎನ್ನಬೇಡಿ. ಒಂದು ಎಳೆತ ಉದ್ದಕ್ಕೆ, ಇನ್ನೊಂದು ಅಡ್ಡಕ್ಕೆ, ಪೈಥಾಗೊರಸನ ತ್ರಿಕೋನ ನೆನಪಿಸಿಕೊಳ್ಳಿ. ಪೂರಾ ನೂರನ್ನೂ ಬ್ರೇಕಿಗೇ ಕೊಟ್ಟಿರೆಂದರೆ ತಿರುವಿಗೆ ಸೊನ್ನೆ. ಗಾಲಿ ಕಚ್ಚಿ ನಿಂತು ಜಾರುವುದನ್ನು ಎಬಿಎಸ್ ತಪ್ಪಿಸುತ್ತದೆ, 2019ರ ಏಪ್ರಿಲ್ ನಂತರ ಹೊಸ ಕಾರುಗಳಿಗೆಲ್ಲ ಅದು ಕಡ್ಡಾಯ. ಆದರೆ ಎಬಿಎಸ್ ಇದ್ದ ಹಿಡಿತವನ್ನು ಹಂಚಿಕೊಟ್ಟೀತು, ಇಲ್ಲದ್ದನ್ನು ಎಲ್ಲಿಂದ ತಂದೀತು? ಮುಂದಿನ ಗಾಲಿಗೇ ಎಳೆತ, ತಿರುವು, ನಿಲುಗಡೆ ಮೂರನ್ನೂ ಗಂಟುಹಾಕಿದ ಕಾರಿನಲ್ಲಿ ಈ ಕೊರತೆ ಮೊದಲು ಕಾಣುವುದು ಮೂತಿಯಲ್ಲೇ. ಸ್ಟೇರಿಂಗ್ ತಿರುವಿದಷ್ಟು ಕಾರು ಹೊಳ್ಳುವುದಿಲ್ಲ. ಮದ್ದು ಏನೆಂದರೆ ಇನ್ನಷ್ಟು ತಿರುವುವುದಲ್ಲ. ಎಕ್ಸಲೇಟರ್ ಮೆತ್ತಗೆ ಸಡಿಲಿಸಿ, ಸ್ಟೇರಿಂಗ್ ತುಸು ಹಿಂದಕ್ಕೆ ಬಿಟ್ಟು, ಮುಂದಿನ ಗಾಲಿಗೆ ಉಸಿರಾಡಲು ಬಿಡುವುದು.

ಇಷ್ಟು ಕೇಳಿದ ಮೇಲೆ ಹೊಸ ಟೈರನ್ನು ಎಲ್ಲಿ ಹಾಕಿಸಬೇಕೆಂದು ಹೇಳಿ ನೋಡೋಣ. ಮುಂದೆ ಎನ್ನುತ್ತೀರಿ. ಪಂಚರ್ ಅಂಗಡಿಯ ಚಾಚಾ ಕೂಡ ಅದನ್ನೇ ಹೇಳುತ್ತಾರೆ: "ಎಳಿಯೂದು ಮುಂದ, ಸವಿಯೂದು ಮುಂದ, ಹೊಸಾವು ಮುಂದ ಹಾಕೂಣ್ರಿ. ಹಳೇವು ಹಿಂದ ಸುಮ್ ಬರತಾವ." ನ್ಯಾಯವಾಗಿಯೇ ಕೇಳಿಸುತ್ತದೆ. ಆದರೆ ಟೈರು ಕಂಪನಿಗಳ ಸಲಹೆ ತದ್ವಿರುದ್ಧ, ಎರಡೇ ಹೊಸ ಟೈರು ಕೊಂಡರೆ ಅವನ್ನು ಹಿಂದೆ ಹಾಕಿಸಿ. ಬ್ರೇಕ್ ಒತ್ತಿದಾಗ ಹಿಂದೆ ಉಳಿಯುವುದು 245 ಕೆಜಿ ಎಂದೆವಲ್ಲ, ಅಷ್ಟು ಹಗುರಾದ ಗಾಲಿಗೆ ಬೋಳು ಟೈರೂ ಸೇರಿ, ಕೆಳಗೆ ಮಳೆನೀರೂ ನಿಂತರೆ ಬಾಲ ತಿರುಗಿಬಿಡುತ್ತದೆ. ತಿರುವಿನ ನಡುವೆ ಹೆದರಿ ಎಕ್ಸಲೇಟರಿನಿಂದ ಕಾಲು ಥಟ್ಟನೆ ಕಿತ್ತರೂ ಸಾಕು, ಭಾರ ಮುಂದಕ್ಕೆ ಹಾರಿ ಹಿಂದುಗಡೆ ಹಗುರಾಗಿ, ಕಾರು ಅಬ್ಬಿಗೇರಿಗೆ ಹೊರಟದ್ದು ಮರಳಿ ನರೇಗಲ್ಲಿನ ಕಡೆಗೆ ಮುಖ ಮಾಡುತ್ತದೆ. ಮೂತಿ ಜಾರಿದರೆ ಡ್ರೈವರಿಗೆ ಕಣ್ಣಿಗೆ ಕಾಣುತ್ತದೆ, ಕಾಲು ಸಡಿಲಿಸಲು ಸಮಯವಿರುತ್ತದೆ. ಬಾಲ ಜಾರಿದರೆ ಗೊತ್ತಾಗುವ ಹೊತ್ತಿಗೆ ಎಲ್ಲ ಮುಗಿದಿರುತ್ತದೆ. ಚಾಚಾನಿಗೆ ಇದನ್ನೆಲ್ಲ ಹೇಳಿದೆ. ಪಾನಾ ಕೆಳಗಿಟ್ಟು ನನ್ನನ್ನೇ ನೋಡಿದರು. "ನಿಮ್ ಕಾರು, ನಿಮ್ ಟೈರು. ಹಿಂದರೆ ಹಾಕಸ್ರಿ, ಟಾಪಿನ ಮ್ಯಾಲರೆ ಹಾಕಸ್ರಿ. ಬಿಲ್ ಅಷ್ಟ ಆಕ್ಕತಿ."

ಟಾಪು ಎಂದಾಗ ನೆನಪಾಯಿತು, ಕ್ಯಾರಿಯರ್ ಎಂಬ ನಮ್ಮ ಪ್ರೀತಿಯ ಅಟ್ಟ. ಧರ್ಮಸ್ಥಳಕ್ಕೆ ಹೊರಟರೆ ಗಾದಿ, ಗ್ಯಾಸ್ ಒಲೆ, ಅಕ್ಕಿಚೀಲ ಎಲ್ಲ ನೆತ್ತಿಯ ಮೇಲೆ. ಭಾರಕೇಂದ್ರ ಮೇಲೇರಿದಷ್ಟೂ ಭಾರ ಅತ್ತಿತ್ತ ಹಾರುವುದು ಜಾಸ್ತಿ. ತಿರುವಿನಲ್ಲಿ ಒಳಗಿನ ಗಾಲಿಯ ಭಾರ ಹೊರಗಿನ ಗಾಲಿಗೆ ಹೋಗುತ್ತದೆ. ಹೋದರೇನು, ಅಲ್ಲಿ ಹಿಡಿತ ಹೆಚ್ಚಾಯಿತಲ್ಲ ಎನ್ನಬಹುದು. ಟೈರು ಅಷ್ಟು ಉದಾರಿಯಲ್ಲ. ಅದರ ಮೇಲಿನ ಭಾರ ಇಮ್ಮಡಿಯಾದರೆ ಹಿಡಿತ ಇಮ್ಮಡಿಯಾಗುವುದಿಲ್ಲ, ಕಡಿಮೆಯೇ ಬೀಳುತ್ತದೆ. ಒಳಗಿನ ಗಾಲಿ ಕಳೆದುಕೊಂಡಷ್ಟನ್ನು ಹೊರಗಿನದು ಗಳಿಸುವುದಿಲ್ಲ. ಹೀಗಾಗಿ ಗಾದಿ ಟಾಪಿನ ಮೇಲಿದ್ದಷ್ಟೂ ಘಾಟಿಯಲ್ಲಿ ಕಾಲು ಹಗುರಾಗಿರಲಿ.

ಗಾಳಿಯ ಮಾತು ಬೇರೆ. "ಎಷ್ಟ್ ಹಾಕ್ಲಿ?" ಎಂದು ಕೇಳಿದರೆ, "ಹಾಕಪಾ ನಿನ್ನ ಅಂದಾಜಿಲೆ" ಎನ್ನುವವರು ನಾವು. ಡ್ರೈವರ್ ಬಾಗಿಲು ತೆಗೆದರೆ ಕಂಬಕ್ಕೆ ಅಂಟಿಸಿದ ಚೀಟಿ ಇರುತ್ತದೆ. ಇಬ್ಬರಿದ್ದಾಗ ಇಷ್ಟು, ತುಂಬಿದಾಗ ಇಷ್ಟು ಎಂದು ಅದರಲ್ಲಿ ಬರೆದೇ ಇದೆ. ಅದನ್ನು ಓದಿದವರಿಗಿಂತ ಅದರ ಮೇಲೆ ಫಾಸ್‌ಟ್ಯಾಗಿನ ನಂಬರು ಗೀಚಿದವರೇ ಹೆಚ್ಚು. ಬೇಸಿಗೆಯಲ್ಲಿ ಟೈರ್ ಒಡೆಯುತ್ತದೆಂದು ಗಾಳಿ ಕಡಿಮೆ ಮಾಡಿಸುವ ಜಾಣರೂ ಇದ್ದಾರೆ. 10 ಡಿಗ್ರಿ ಬಿಸಿ ಏರಿದರೆ ಒತ್ತಡ ಏರುವುದು ಸುಮಾರು ಒಂದೂವರೆ ಪಿಎಸ್‌ಐ, ಅದಕ್ಕೆ ಟೈರು ಅಂಜುವುದಿಲ್ಲ. ಗಾಳಿ ಕಡಿಮೆಯಿದ್ದರೆ ಅದರ ಪಕ್ಕೆ ಪ್ರತಿ ಸುತ್ತಿಗೂ ಮಡಚಿ ಬಿಚ್ಚಿ ಮಡಚಿ ಬಿಚ್ಚಿ ಒಳಗಿಂದಲೇ ಕಾಯುತ್ತದೆ. ಒಡೆಯುವುದು ಆಗ.

ಸವೆತ ನೋಡಲು ಜ್ಯೋತಿಷಿ ಬೇಡ. ಟೈರಿನ ಕಚ್ಚಿನ ತಳದಲ್ಲಿ ಅಲ್ಲಲ್ಲಿ ಸಣ್ಣ ದಿಣ್ಣೆಗಳಿವೆ, 1.6 ಮಿಲಿಮೀಟರ್ ಎತ್ತರದವು. ಮೇಲ್ಮೈ ಸವೆದು ಆ ದಿಣ್ಣೆಗೆ ಸಮವಾಯಿತೋ, ಕಾನೂನಿನ ಪ್ರಕಾರವೂ ಟೈರಿನ ಆಯುಷ್ಯ ತೀರಿತು. ಪಕ್ಕೆಯ ಮೇಲಿನ ಕೊನೆಯ ನಾಲ್ಕು ಅಂಕಿ ಅದರ ಜಾತಕ. 2319 ಎಂದಿದ್ದರೆ 2019ರ 23ನೇ ವಾರದಲ್ಲಿ ಹುಟ್ಟಿದ್ದು. ಹುಡುಗಿಯ ಜಾತಕಕ್ಕೆ ಗದಗಿನತನಕ ಓಡಾಡುವವರು ಟೈರಿನದಕ್ಕೆ ಒಮ್ಮೆ ಬಗ್ಗಿದರೆ ಸಾಕು.

ಕೊನೆಗೆ ಒಂದು ಸಾಮಾಜಿಕ ಸಮಸ್ಯೆ. ನೂರು ಕೆಜಿಯ ಮನುಷ್ಯ ಹಿಂದಿನ ಸೀಟಿನಿಂದ ಮುಂದಿನ ಸೀಟಿಗೆ ಬಂದರೆ ಎಳೆಯುವ ಗಾಲಿಗಳ ಮೇಲೆ ಸುಮಾರು 30 ಕೆಜಿ ಭಾರ ಹೆಚ್ಚುತ್ತದೆ. ಕೆಸರಿನಲ್ಲಿ, ಏರಿನಲ್ಲಿ ಅದು ಸಣ್ಣ ಲಾಭವಲ್ಲ. ಆದರೆ ಮುಂದಿನ ಸೀಟಿಗೆ ಯಾರು ಎಂಬುದನ್ನು ನಮ್ಮಲ್ಲಿ ಭೌತಶಾಸ್ತ್ರ ತೀರ್ಮಾನಿಸುವುದಿಲ್ಲ, ಬೀಗತನ ತೀರ್ಮಾನಿಸುತ್ತದೆ. ಹೊಸ ಅಳಿಯ ಐವತ್ತೈದು ಕೆಜಿ ಇದ್ದರೂ ಮುಂದೆ, ಸೋದರಮಾವ ಕ್ವಿಂಟಲ್ ತೂಗಿದರೂ ಹಿಂದೆ. ಮಳೆಗಾಲದ ಮದುವೆಗಳಲ್ಲಾದರೂ ಈ ಪದ್ಧತಿ ಬದಲಾಗಲಿ ಎಂದು ಕಟ್ಟೆಯ ಮೇಲೆ ಠರಾವು ಮಂಡಿಸಿದೆ. ಕಾಕಾ ಎಲೆಯನ್ನು ದವಡೆಗೆ ಸರಿಸಿ ತಿದ್ದುಪಡಿ ತಂದರು: "ಮಾವ ಮುಂದ ಕುಂದರಲಿ. ಅಳಿಯಾ ಕೆಳಗಿಳಿದು ಹಿಂದಿಂದ ದಬ್ಬಲಿ." ಸರ್ವಾನುಮತದಿಂದ ಪಾಸಾಯಿತು. ಅಳಿಯಂದಿರು ಯಾರೂ ಸಭೆಯಲ್ಲಿರಲಿಲ್ಲ.